ಟ್ಯಾಟೂ ಆದ್ಮೇಲೆ ನವೆ, ಊತ, ಗುಳ್ಳೆ: ಸುಮ್ನೆ ಬಿಡೋದಾ, ಕ್ರೀಮ್ ಹಚ್ಚೋದಾ, ಮಾತ್ರೆ ನುಂಗೋದಾ, ಡಾಕ್ಟರ್ ಹತ್ರ ಓಡೋದಾ?

ಟ್ಯಾಟೂ ಹಾಕಿಸ್ಕೊಂಡು ನಾಲ್ಕೈದು ದಿನ ಆದ್ಮೇಲೆ ಫೋಟೋ ಕಳ್ಸಿ "ಗುರು ಇದು ನಾರ್ಮಲ್ಲಾ, ಇಲ್ಲ ಏನಾದ್ರೂ ಹಚ್ಬೇಕಾ" ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೆ ಒಂದೇ ಸಲ ಕೂತ್ಕೊಂಡು ಎಲ್ಲಾ ಬರೆದುಬಿಡ್ತೀನಿ. ನಾನು ಡಾಕ್ಟರ್ ಅಲ್ಲ, ಮೈಮೇಲೆ ಟ್ಯಾಟೂ ಇದೆ, ಈ ವಿಷ್ಯ ಒಂಚೂರು ಓದ್ಕೊಂಡಿದೀನಿ ಅಷ್ಟೇ. ಮೊದಲನೇದಾಗಿ, ಬರೀ ಫೋಟೋ ನೋಡಿ ಯಾರೂ ಗ್ಯಾರಂಟಿಯಾಗಿ ಹೇಳೋಕಾಗಲ್ಲ. ಸೂಜಿ ಚುಚ್ಚಿದ್ದಕ್ಕೆ ಕೆಂಪಗಾಗಿರೋದು, ಇನ್ಫೆಕ್ಷನ್ ಆಗಿ ಕೆಂಪಗಾಗಿರೋದು, ಇಂಕಿಗೆ ಅಲರ್ಜಿ ಆಗಿ ಕೆಂಪಗಾಗಿರೋದು, ಮೂರೂ ಮೊಬೈಲ್ ಕ್ಯಾಮೆರಾದಲ್ಲಿ ಒಂದೇ ತರ ಕಾಣುತ್ತೆ. ಅದ್ರಲ್ಲೂ ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದ ಮೇಲೆ ಕೆಂಪು ಸರಿಯಾಗಿ ಗೊತ್ತಾಗೋದೇ ಇಲ್ಲ, ಬರೀ ಕಪ್ಪಗೆ, ಕಂದು ಕಂದು ಅನ್ನೋ ಹಾಗೆ ಕಾಣುತ್ತೆ, ಅದಕ್ಕೆ ಕೈ ಇಟ್ಟು ಬಿಸಿ ಇದ್ಯಾ, ಒತ್ತಿದ್ರೆ ನೋವಿದ್ಯಾ ಅಂತ ನೋಡೋದೇ ವಾಸಿ.

ನಾನು ವಾಪಸ್ ಕೇಳೋದು ಎರಡೇ ಪ್ರಶ್ನೆ. ಯಾವತ್ತಿಂದ ಶುರುವಾಯ್ತು? ಮತ್ತೆ ಎಲ್ಲಿ, ಅಂದ್ರೆ ಇಡೀ ಟ್ಯಾಟೂ ಮೇಲಾ, ಒಂದೇ ಒಂದು ಬಣ್ಣದ ಮೇಲಾ, ಇಲ್ಲ ಗೆರೆ ದಾಟಿ ಹೊರಗಿನ ಚರ್ಮಕ್ಕೂ ಹಬ್ಬಿದ್ಯಾ? ಇವೆರಡಕ್ಕೆ ಸರಿಯಾಗಿ ಉತ್ತರ ಕೊಟ್ರೆ ಯಾವ ದಾರಿ ಹಿಡೀಬೇಕು ಅನ್ನೋದು ಮುಕ್ಕಾಲು ಪಾಲು ಅಲ್ಲೇ ಗೊತ್ತಾಗೋಗುತ್ತೆ. ಎಷ್ಟು ಭಯಂಕರವಾಗಿ ಕಾಣ್ತಿದೆ ಅನ್ನೋದರ ಮೇಲೆ ಮಾತ್ರ ಡಿಸೈಡ್ ಮಾಡಬೇಡಿ, ಯಾಕಂದ್ರೆ ನೋಡೋಕೆ ಭಯಂಕರ ಇರೋದು ಎಷ್ಟೋ ಸಲ ಏನೂ ಅಲ್ಲ, ಸಾಧುವಾಗಿ ನಾಲ್ಕು ಸಣ್ಣ ಗುಳ್ಳೆ ತರ ಕಾಣೋದು ತಿಂಗಳುಗಟ್ಲೆ ಕಾಡುತ್ತೆ.

ಹೋಲಿಕೆ ಶುರು ಮಾಡೋಕೂ ಮುಂಚೆ ಒಂದು ವಿಷ್ಯ. ತುಟಿ, ಕಣ್ಣು, ನಾಲಿಗೆ ಊದ್ಕೊಳ್ತಿದ್ರೆ, ಉಸಿರಾಟಕ್ಕೆ ಕಷ್ಟ ಆಗ್ತಿದ್ರೆ, ಮೈಯೆಲ್ಲಾ ದದ್ದು ಎದ್ದು ತಲೆ ಸುತ್ತು ಬರ್ತಿದ್ರೆ ಯಾವ ಗೈಡೂ ಓದೋದು ಬೇಡ, 108ಕ್ಕೆ ಫೋನ್ ಮಾಡಿ. ಅಪರೂಪ, ಆದ್ರೆ ಆಗುತ್ತೆ.

ಸುಮ್ನೆ ಬಿಡೋದು

ಮೊದಲ ಎರಡು ಮೂರು ದಿನ ಟ್ಯಾಟೂ ಮಾಡಿದ ಜಾಗ ಅಷ್ಟೂ ಬಿಸಿ, ಕೆಂಪು, ಸ್ವಲ್ಪ ಊತ, ನೀರು ತರ ಒಸರೋದು, ಅದರ ಜೊತೆ ಇಂಕೂ ಸ್ವಲ್ಪ ಬರೋದು, ಇದೆಲ್ಲಾ ಆಗೇ ಆಗುತ್ತೆ. ಸೂಜಿ ಸಾವಿರಾರು ಸಲ ಚುಚ್ಚಿರುತ್ತೆ, ಅದೊಂದು ಗಾಯ ತಾನೇ. ನಾಲ್ಕನೇ ದಿನದಿಂದ ಎರಡು ವಾರದವರೆಗೆ ಸಿಪ್ಪೆ ಏಳುತ್ತೆ, ಆ ಟೈಮಲ್ಲೇ ನವೆ ತಡ್ಕೊಳ್ಳೋಕಾಗಲ್ಲ. ಮೇಲ್ಗಡೆ ಚರ್ಮ ಎರಡರಿಂದ ನಾಲ್ಕು ವಾರದಲ್ಲಿ ಕೂಡ್ಕೊಳ್ಳುತ್ತೆ, ಒಳಗಡೆ ಪೂರ್ತಿ ಮಾಯೋಕೆ ಎರಡು ಮೂರು ತಿಂಗಳು.

ಇಲ್ಲಿ ಗಮನಿಸ್ಬೇಕಾಗಿರೋದು ದಿಕ್ಕು. ದಿನದಿಂದ ದಿನಕ್ಕೆ ಒಂಚೂರು ಕಮ್ಮಿ ಆಗ್ತಿದ್ರೆ ಸುಮ್ನೆ ಬಿಡಿ, ದಿನಕ್ಕೆರಡು ಸಲ ವಾಸನೆ ಇಲ್ಲದ ಮೈಲ್ಡ್ ಸೋಪು, ಕ್ಲೀನ್ ನೀರು, ಒರೆಸದೆ ಮೆಲ್ಲಗೆ ಒತ್ತಿ ಒಣಗಿಸೋದು, ಸಾಕು. ಮೂರನೇ ದಿನಕ್ಕೆ ಕಮ್ಮಿ ಇದ್ದು ಐದನೇ ದಿನ ಮತ್ತೆ ಜಾಸ್ತಿ ಆದ್ರೆ ಅದು ಸುಮ್ನೆ ಬಿಡೋ ಕೇಸಲ್ಲ. ಪೆನ್ ತಗೊಂಡು ಕೆಂಪು ಎಲ್ಲೀವರೆಗೆ ಇದ್ಯೋ ಅಲ್ಲಿ ಸುತ್ತ ಒಂದು ಗೆರೆ ಎಳ್ಕೊಳ್ಳಿ, ಬೆಳಿಗ್ಗೆ ಎದ್ದು ನೋಡಿ. ಗೆರೆ ದಾಟಿದ್ರೆ ಡಾಕ್ಟರ್. ಇದಕ್ಕಿಂತ ಅಗ್ಗದ ಟೆಸ್ಟ್ ಇನ್ನೊಂದಿಲ್ಲ.

ಏನು ಹಚ್ಚೋದು: ಕೊಬ್ಬರಿ ಎಣ್ಣೆ, ವ್ಯಾಸಲೀನ್, ಲೋಶನ್ನು, ಇಲ್ಲ ಆ ಪ್ಲಾಸ್ಟಿಕ್ ಫಿಲ್ಮು

ನಾಲ್ಕು ಜನರನ್ನ ಕೇಳಿದ್ರೆ ನಾಲ್ಕು ಉತ್ತರ ಬರೋ ಜಾಗ ಇದು. ಕೊಬ್ಬರಿ ಎಣ್ಣೆ ಕೆಟ್ಟದ್ದಲ್ಲ, ಆದ್ರೆ ಸಿಪ್ಪೆ ಏಳೋ ಟೈಮಲ್ಲಿ, ತೆಳ್ಳಗೆ, ಕ್ಲೀನ್ ಬಾಟಲಿಯಿಂದ. ತಲೆಗೆ ಹಚ್ಚೋ ಡಬ್ಬಕ್ಕೆ ಬೆರಳು ಅದ್ದಿ ಅದನ್ನೇ ಹಸಿ ಗಾಯಕ್ಕೆ ಹಚ್ಚೋದಿದ್ಯಲ್ಲ, ಅದು ಬೇಡ. ಪೆಟ್ರೋಲಿಯಂ ಜೆಲ್ಲಿಗೆ ಅಲರ್ಜಿ ಆಗೋರು ತುಂಬಾ ಕಮ್ಮಿ, ಅದೇ ಅದರ ದೊಡ್ಡ ಪ್ಲಸ್ಸು, ಮೈನಸ್ ಏನಂದ್ರೆ ದಪ್ಪ ಬಳಿದ್ರೆ ಬೆವರು ಒಳಗೇ ಕೂತ್ಕೊಂಡು ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಮಂಗಳೂರು ಕಾರವಾರದ ಸೆಕೆಯಲ್ಲಂತೂ ಹೇಳೋದೇ ಬೇಡ. ಒಣ ಹವೆ ಇರೋ ಕಡೆ, ಕಲಬುರಗಿ ವಿಜಯಪುರ ಆ ಕಡೆ, ಅದೇ ಜೆಲ್ಲಿ ಚೆನ್ನಾಗೇ ಕೆಲಸ ಮಾಡುತ್ತೆ. ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಲೋಶನ್ ಎಲ್ಲಾ ಕಡೆಗೂ ಸರಿ, ನನ್ನ ಓಟು ಅದಕ್ಕೇ.

ಟ್ಯಾಟೂ ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮನ್ನ ಬ್ಯಾಂಡೇಜ್ ತರ ಅಂಟಿಸೋ ಸ್ಟುಡಿಯೋಗಳು ಈಗ ಜಾಸ್ತಿ. ಧೂಳು, ಬಟ್ಟೆ ಉಜ್ಜೋದು, ಬಸ್ಸಲ್ಲಿ ಪಕ್ಕದವರ ಬ್ಯಾಗ್ ತಗಲೋದು, ಇವೆಲ್ಲದರಿಂದ ಕಾಪಾಡುತ್ತೆ, ಬೈಕಲ್ಲಿ ಓಡಾಡೋರಿಗೆ ಅನುಕೂಲ. ಮಾರನೇ ದಿನ ಅದರೊಳಗೆ ನೇರಳೆ ಹಣ್ಣಿನ ರಸದ ತರ ಕಪ್ಪು ನೀರು ತುಂಬ್ಕೊಂಡಿರೋದು ನೋಡಿ ಗಾಬರಿ ಆಗ್ಬೇಡಿ, ಅದು ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನಂಶ, ಮತ್ತೆ ಮಿಕ್ಕಿರೋ ಇಂಕು. ಆದ್ರೆ ಫಿಲ್ಮಿನ ಅಂಟಿಗೇ ಅಲರ್ಜಿ ಆಗೋರು ಇದಾರೆ. ಗುರುತು ಹಿಡಿಯೋದು ಸುಲಭ: ಟ್ಯಾಟೂ ಆಕಾರ ಏನೇ ಇರ್ಲಿ, ನವೆ ಮತ್ತೆ ಕೆಂಪು ಮಾತ್ರ ಫಿಲ್ಮ್ ಅಂಟಿದ್ದ ಚೌಕದ ಆಕಾರದಲ್ಲೇ ಇರುತ್ತೆ, ಅಂಚು ಸ್ಕೇಲ್ ಇಟ್ಟು ಎಳೆದ ಹಾಗೆ. ಬ್ಯಾಂಡೇಜಿಗೆ ಮುಂಚೆ ಯಾವತ್ತಾದ್ರೂ ಹೀಗಾಗಿದ್ರೆ ಫಿಲ್ಮ್ ಬೇಡ ಅಂತ ಮೊದ್ಲೇ ಹೇಳ್ಬಿಡಿ. ತೆಗೆಯೋವಾಗ ಸರ್ರಂತ ಕೀಳ್ಬೇಡಿ, ಉಗುರು ಬೆಚ್ಚಗಿನ ನೀರಡಿ ಹಿಡ್ಕೊಂಡು ಚರ್ಮಕ್ಕೆ ಸಮವಾಗಿ ಎಳೀತಾ ಬಿಡಿಸಿ.

ಇನ್ನು ಅರಿಶಿನ. ಅಮ್ಮಂದಿರು ಹೇಳೇ ಹೇಳ್ತಾರೆ. ಅಡುಗೆಮನೆ ಅರಿಶಿನ ಸ್ಟೆರೈಲ್ (ಕ್ರಿಮಿ ಇಲ್ಲದ್ದು) ಅಲ್ಲ, ಅದಕ್ಕೂ ಅಲರ್ಜಿ ಆಗೋರು ಇದಾರೆ, ಜೊತೆಗೆ ಹಳದಿ ಬಣ್ಣದಡಿ ಕೆಂಪು ಹಬ್ಬಿದ್ಯಾ ಇಲ್ವಾ ಗೊತ್ತೇ ಆಗಲ್ಲ. ಟೀ ಟ್ರೀ ಆಯಿಲ್ ಅಂತ ಇನ್‌ಸ್ಟಾದಲ್ಲಿ ಹೇಳೋದೂ ಬೇಡ. ಬೆಟಾಡಿನ್ ದಿನಾ ದಿನಾ ಹಚ್ಚಿದ್ರೆ ಮಾಯೋ ಚರ್ಮನ ಅದೇ ಉರಿಸುತ್ತೆ. ಸೋಫ್ರಾಮೈಸಿನ್ ನಮ್ಮ ಎಲ್ಲರ ಮನೆ ಡ್ರಾಯರಲ್ಲೂ ಇರುತ್ತೆ, ಅದರಲ್ಲಿರೋ ಫ್ರಾಮೈಸೆಟಿನ್, ಮತ್ತೆ ಬೇರೆ ಟ್ಯೂಬುಗಳಲ್ಲಿರೋ ನಿಯೋಮೈಸಿನ್, ಇವೆರಡೂ ಅಣ್ಣ ತಮ್ಮಂದಿರು, ಚರ್ಮದ ಅಲರ್ಜಿ ತರೋದರಲ್ಲಿ ಹೆಸರುವಾಸಿ. ಎಷ್ಟೋ ಜನರಿಗೆ "ಟ್ಯಾಟೂ ಅಲರ್ಜಿ" ಅನ್ಸಿರೋದು ಆಮೇಲೆ ನೋಡಿದ್ರೆ ಟ್ಯಾಟೂಗೆ ಹಚ್ಚಿದ್ದರ ಅಲರ್ಜಿ ಆಗಿರುತ್ತೆ. ಹಚ್ಚಿದ ಕಡೆಯೆಲ್ಲಾ ದದ್ದು ಎದ್ದಿದೆ, ಇಂಕ್ ಇಲ್ಲದ ಜಾಗದಲ್ಲೂ ಇದೆ ಅಂದ್ರೆ ಮೊದ್ಲು ಟ್ಯೂಬ್ ನಿಲ್ಲಿಸಿ ನೋಡಿ.

ನವೆ ಮಾತ್ರೆ

ಸೆಟಿರಿಝಿನ್ನು, ಲೆವೊಸೆಟಿರಿಝಿನ್ನು. ಮೊದಲ ವಾರ ಎರಡನೇ ವಾರದ ನವೆಯಲ್ಲಿ ರಾತ್ರಿ ನಿದ್ದೆಯಲ್ಲೇ ಕೆರ್ಕೊಂಡು ಸಿಪ್ಪೆ ಕಿತ್ಕೊಳ್ಳೋರಿಗೆ ಇದು ಉಪಯೋಗ, ದೊಡ್ಡವರಿಗೆ ಸೆಟಿರಿಝಿನ್ 10 ಮಿಲಿಗ್ರಾಂ ದಿನಕ್ಕೊಂದು ಸಾಮಾನ್ಯ ಡೋಸು. ತೂಕಡಿಕೆ ಬರುತ್ತೆ, ನುಂಗಿ ಗಾಡಿ ಓಡಿಸ್ಬೇಡಿ. ಫೆಕ್ಸೋಫೆನಾಡಿನ್‌ಗೆ ತೂಕಡಿಕೆ ಕಮ್ಮಿ. ಬಸುರಿ ಬಾಣಂತಿ, ಕಿಡ್ನಿ ತೊಂದರೆ ಇರೋರು, ಬೇರೆ ಮಾತ್ರೆ ತಗೊಳ್ತಿರೋರು ಕೇಳಿ ತಗೊಳ್ಳಿ.

ಆದ್ರೆ ತಿಂಗಳುಗಳಾದ್ಮೇಲೆ ಕೆಂಪು ಬಣ್ಣದ ಭಾಗ ಮಾತ್ರ ಉಬ್ಬಿ ನವೆ ಬರ್ತಿದ್ರೆ ಈ ಮಾತ್ರೆಯಿಂದ ಹೆಚ್ಚೇನೂ ಆಗಲ್ಲ. ಮಾತ್ರೆ ತಡೆಯೋದು ಹಿಸ್ಟಮಿನ್ನನ್ನ, ಅಂದ್ರೆ ಮೈಯೊಳಗೆ ನವೆ ತರೋ ಕೆಮಿಕಲ್ಲನ್ನ. ಇಂಕ್ ಅಲರ್ಜಿ ನಡೆಸೋದು ರೋಗನಿರೋಧಕ ಶಕ್ತಿಯ ಟಿ ಸೆಲ್ಲುಗಳು, ಅಲ್ಲಿ ಹಿಸ್ಟಮಿನ್ ಪಾತ್ರ ಸಣ್ಣದು. ವಾರಗಟ್ಲೆ ಸೆಟಿರಿಝಿನ್ ನುಂಗಿ "ಏನೂ ಆಗ್ಲಿಲ್ಲ" ಅನ್ನೋರಿಗೆ ಕಾರಣ ಇದೇ.

ಸ್ಟೀರಾಯ್ಡ್ ಕ್ರೀಮು, ಮತ್ತೆ ಮೆಡಿಕಲ್ ಶಾಪಿನ ಮಿಕ್ಸ್ ಟ್ಯೂಬು

ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ನಮ್ಮ ಕಡೆ ಅರ್ಧ ಕೇಸು ಕೆಡೋದು ಇಲ್ಲೇ. ಮೆಡಿಕಲ್ ಶಾಪಿಗೆ ಹೋಗಿ ತೋಳು ತೋರಿಸಿ "ಏನಾದ್ರೂ ಕೊಡಿ" ಅಂದ್ರೆ ಸಿಗೋದು ಒಂದು ಟ್ಯೂಬು, ಅದರಲ್ಲಿ ಸ್ಟ್ರಾಂಗ್ ಸ್ಟೀರಾಯ್ಡು, ಆಂಟಿಬಯಾಟಿಕ್ಕು, ಆಂಟಿಫಂಗಲ್ಲು ಮೂರೂ ಇರುತ್ತೆ. ಯಾವ ಕಾಯಿಲೆ ಅಂತ ಗೊತ್ತಿಲ್ಲದೆ ಇದ್ರೂ ಯಾವುದೋ ಒಂದಕ್ಕೆ ತಾಗುತ್ತೆ ಅನ್ನೋ ಲೆಕ್ಕ. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತೆ, ನವೆ ನಿಲ್ಲುತ್ತೆ, ಜನ ಖುಷಿ. ಆದ್ರೆ ಅದು ಇನ್ಫೆಕ್ಷನ್ ಆಗಿದ್ರೆ ಸ್ಟೀರಾಯ್ಡು ಆ ಜಾಗದ ಕಾವಲುಗಾರರನ್ನೇ ಮಲಗಿಸಿರುತ್ತೆ, ಮೇಲೆ ತಣ್ಣಗೆ ಕಾಣುತ್ತೆ, ಒಳಗೆ ಹಬ್ಬುತ್ತೆ. ಡಾಕ್ಟರ್ ನೋಡೋ ಹೊತ್ತಿಗೆ ಲಕ್ಷಣಗಳೇ ಬದಲಾಗಿರುತ್ತವೆ, ಅವರಿಗೂ ಗುರುತು ಹಿಡಿಯೋದು ಕಷ್ಟ. ತಿಂಗಳುಗಟ್ಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಬೆಳ್ಳಗಾಗುತ್ತೆ, ಕೂದಲು ಬರುತ್ತೆ, ನಿಲ್ಲಿಸಿದ ತಕ್ಷಣ ಡಬಲ್ ಆಗಿ ವಾಪಸ್ ಬರುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಅನ್ನೋ ಪಟ್ಟಿಗೆ ಸೇರಿಸಿತು. ಆದ್ರೂ ಕೌಂಟರಲ್ಲಿ ಕೇಳಿದ್ರೆ ಸಿಗ್ತಾನೇ ಇದೆ, ಅದು ನಿಮಗೂ ಗೊತ್ತು.

ಹಾಗಂತ ಸ್ಟೀರಾಯ್ಡ್ ಅಂದ್ರೇನೇ ವಿಷ ಅಂತಲ್ಲ. ಇಂಕ್ ಅಲರ್ಜಿಗೆ ಚರ್ಮರೋಗ ತಜ್ಞರು ಮೊದ್ಲು ಬರೆಯೋದೇ ಸ್ಟೀರಾಯ್ಡು, ಕೆಲವು ಸಲ ಕ್ಲೋಬೆಟಸಾಲ್‌ನಂಥ ತುಂಬಾ ಸ್ಟ್ರಾಂಗ್ ಇರೋದೂ ಬರೀತಾರೆ, ಕ್ರೀಮಿಗೆ ಬಗ್ಗದೆ ಇದ್ರೆ ಟ್ರಯಾಮ್ಸಿನೊಲೋನ್ ಇಂಜೆಕ್ಷನ್ನನ್ನ ಉಬ್ಬಿರೋ ಜಾಗಕ್ಕೇ ಕೊಡ್ತಾರೆ. ವ್ಯತ್ಯಾಸ ಇಷ್ಟೇ: ಗಾಯ ಪೂರ್ತಿ ಮಾಗಿರ್ಬೇಕು, ಇನ್ಫೆಕ್ಷನ್ ಇಲ್ಲ ಅಂತ ಖಾತ್ರಿ ಆಗಿರ್ಬೇಕು, ಎಷ್ಟು ದಿನ ಅಂತ ಯಾರಾದ್ರೂ ಲೆಕ್ಕ ಇಟ್ಟಿರ್ಬೇಕು. ಸೂಜಿ ಚುಚ್ಚಿದ ಹಸಿ ಗಾಯದ ಮೇಲೆ ಸ್ಟೀರಾಯ್ಡನ್ನ ನೀವಾಗೇ ಹಚ್ಬೇಡಿ.

ಆಂಟಿಬಯಾಟಿಕ್

ಮೊದಲ ಎರಡು ವಾರದೊಳಗೆ ನೋವು ಜಾಸ್ತಿ ಆಗ್ತಾ ಹೋಗ್ತಿದೆ, ಕೀವು, ಕೆಟ್ಟ ವಾಸನೆ, ಕೆಂಪು ಗೆರೆ ಮೇಲಕ್ಕೆ ಹತ್ತುತ್ತಿದೆ, ಚಳಿ ಜ್ವರ: ಇದು ಬ್ಯಾಕ್ಟೀರಿಯಾ ಇನ್ಫೆಕ್ಷನ್, ಸಾಮಾನ್ಯವಾಗಿ ಸ್ಟ್ಯಾಫಿಲೋಕಾಕಸ್ ಇಲ್ಲ ಸ್ಟ್ರೆಪ್ಟೋಕಾಕಸ್. ಅವತ್ತೇ ಡಾಕ್ಟರ್ ಹತ್ರ ಹೋಗಿ, ಶುಗರ್ ಇರೋರಂತೂ ಒಂದು ರಾತ್ರಿನೂ ಕಾಯೋದು ಬೇಡ. ಮನೇಲಿ ಮಿಕ್ಕಿರೋ ಅಝಿತ್ರೋಮೈಸಿನ್ ಎರಡು ಮಾತ್ರೆ ನುಂಗಿ ಸಮಾಧಾನ ಪಟ್ಕೊಳ್ಳೋದು ಇದ್ಯಲ್ಲ, ಅದರಿಂದ ರೋಗಾನೂ ಹೋಗಲ್ಲ, ಆಮೇಲೆ ಕಲ್ಚರ್ ಟೆಸ್ಟಲ್ಲೂ (ಯಾವ ಕ್ರಿಮಿ ಅಂತ ಬೆಳೆಸಿ ನೋಡೋದು) ಏನೂ ಸಿಗದೆ ಇರಬಹುದು.

ಇನ್ನೊಂದು ತರ ಇದೆ, ಅದು ಮೋಸಗಾರ. ಒಂದರಿಂದ ಮೂರು ವಾರ ಆದ್ಮೇಲೆ, ಕೆಲವು ಸಲ ಇನ್ನೂ ತಡವಾಗಿ, ಬೂದು ಶೇಡಿಂಗ್ ಇರೋ ಜಾಗದಲ್ಲಿ ಮಾತ್ರ ಸಾಸಿವೆ ಗಾತ್ರದ ಕೆಂಪು ಗುಳ್ಳೆಗಳು, ಜ್ವರ ಇಲ್ಲ, ನೋವೂ ಅಷ್ಟಿಲ್ಲ. ನೋಡಿದೋರೆಲ್ಲಾ ಅಲರ್ಜಿ ಅಂತಾರೆ. ಇದು ಮೈಕೋಬ್ಯಾಕ್ಟೀರಿಯಂ ಚೆಲೋನೆ ಅನ್ನೋ ಕ್ರಿಮಿ ಆಗಿರಬಹುದು, ನಲ್ಲಿ ನೀರಲ್ಲೇ ಇರುತ್ತೆ. ಕಪ್ಪು ಇಂಕನ್ನ ತೆಳು ಮಾಡಿ ಬೂದು ಬಣ್ಣ ಮಾಡೋಕೆ ಸ್ಟೆರೈಲ್ ಅಲ್ಲದ ನೀರು ಬೆರೆಸಿದ್ರೆ ಸೀದಾ ಚರ್ಮದೊಳಗೆ ಹೋಗುತ್ತೆ. 2011ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 19 ಜನರಿಗೆ ಹೀಗೇ ಆಗಿತ್ತು, ಅಲ್ಲಿ ಕಂಪನಿಯಿಂದ್ಲೇ ಬೆರೆಸಿ ಬಂದಿದ್ದ ಬೂದು ಇಂಕಿನಲ್ಲೇ ಕ್ರಿಮಿ ಇತ್ತು. ಮಾಮೂಲಿ ಆಂಟಿಬಯಾಟಿಕ್ ಕೋರ್ಸಿಗೆ ಇದು ಜಗ್ಗಲ್ಲ, ಒಂಚೂರು ಚರ್ಮ ತೆಗೆದು ಬಯಾಪ್ಸಿ, ಕಲ್ಚರ್ ಮಾಡಿಸ್ಬೇಕು, ಕ್ಲಾರಿತ್ರೋಮೈಸಿನ್ ತರದ ಔಷಧಿ ತಿಂಗಳುಗಟ್ಲೆ. ಇಂಥ ಗುಳ್ಳೆಗೆ ಆಗ್ಲೇ ಹೇಳಿದ ಮಿಕ್ಸ್ ಟ್ಯೂಬ್ ಹಚ್ಚಿದ್ರೆ ಏನಾಗುತ್ತೆ ಅಂತ ಊಹಿಸ್ಕೊಳ್ಳಿ.

ಕೆಂಪು ಬಣ್ಣದ ಕಥೆ

ನನ್ನ ಫ್ರೆಂಡ್ ಒಬ್ಬಳ ತೋಳಲ್ಲಿ ಗುಲಾಬಿ ಇದೆ, ಹಸಿರು ಎಲೆ, ಕಪ್ಪು ಔಟ್‌ಲೈನು, ಕೆಂಪು ದಳ. ಹಾಕಿಸ್ಕೊಂಡಾಗ ಏನೂ ಆಗ್ಲಿಲ್ಲ, ಚೆನ್ನಾಗಿ ಮಾಯ್ತು, ತುಂಬಾ ತಿಂಗಳಾದ್ಮೇಲೆ ದಳಗಳು ಮಾತ್ರ ಎದ್ವು. ಕಣ್ಣು ಮುಚ್ಕೊಂಡು ಬೆರಳು ಆಡಿಸಿದ್ರೆ ಒಂದೊಂದು ದಳದ ಅಂಚೂ ಕೈಗೆ ಸಿಗುತ್ತೆ, ಎಲೆ ಹತ್ರ ಬಂದ ತಕ್ಷಣ ಚರ್ಮ ಮಾಮೂಲಿ ನುಣುಪು. ಬಿಸಿಲಿಗೆ ಹೋಗಿ ಬಂದ್ರೆ ನವೆ ಇನ್ನೂ ಜಾಸ್ತಿ. ಇಷ್ಟು ಕರಾರುವಾಕ್ಕಾಗಿ ಒಂದೇ ಬಣ್ಣದ ಮೇಲೆ ಕೂತಿದ್ರೆ ಅದು ಹೆಚ್ಚುಕಮ್ಮಿ ಇಂಕ್ ಅಲರ್ಜಿನೇ, ತಿಂಗಳು ಬಿಟ್ಟು ಬರಬಹುದು, ವರ್ಷಗಳು ಬಿಟ್ಟೂ ಬರಬಹುದು.

ಕೆಂಪೇ ಯಾಕೆ ಅಂದ್ರೆ, ಹಿಂದೆ ಕೆಂಪಿಗೆ ಪಾದರಸದ ಸಿನ್ನಬಾರ್, ಕ್ಯಾಡ್ಮಿಯಂ ಇರ್ತಿತ್ತು, ಈಗ ಹೆಚ್ಚಾಗಿ ಅಝೋ ಪಿಗ್ಮೆಂಟು ಅನ್ನೋ ಕೃತಕ ಬಣ್ಣಗಳು, ಅವು ಚರ್ಮದೊಳಗೆ ಬಿಸಿಲಿಗೆ ಒಡೆದು ಬೇರೆ ಬೇರೆ ಕೆಮಿಕಲ್ ಆಗ್ತವೆ. ಹಳೇ ಹಳದಿ ಇಂಕಿನ ಕ್ಯಾಡ್ಮಿಯಂ ಸಲ್ಫೈಡ್ ಬಿಸಿಲಿಗೆ ಊದ್ಕೊಳ್ಳೋದಕ್ಕೆ ಫೇಮಸ್ಸು. ಹಸಿರು ಇಂಕಿಗೆ ಅಲರ್ಜಿ ಆದ್ರೆ ಕ್ರೋಮಿಯಂ, ನೀಲಿಗೆ ಆದ್ರೆ ಕೋಬಾಲ್ಟ್ ಕಾರಣ ಇರಬಹುದು. ಯುರೋಪಿಯನ್ ಯೂನಿಯನ್ನಲ್ಲಿ 2022ರ ಜನವರಿಯಿಂದ ಟ್ಯಾಟೂ ಇಂಕಿನ ಸಾವಿರಾರು ಕೆಮಿಕಲ್‌ಗಳಿಗೆ ಕಡಿವಾಣ ಇದೆ. ನಮ್ಮ ರಾಜ್ಯದಲ್ಲಿ 2025ರಲ್ಲಿ ಆರೋಗ್ಯ ಇಲಾಖೆಯವರು ಇಂಕ್ ಸ್ಯಾಂಪಲ್ ಟೆಸ್ಟ್ ಮಾಡಿಸಿ 22 ತರದ ಲೋಹ ಸಿಕ್ಕಿದೆ ಅಂತ ಹೇಳಿ, ಇದಕ್ಕೊಂದು ಕಾನೂನು ತನ್ನಿ ಅಂತ ಕೇಂದ್ರಕ್ಕೆ ಬರೆಯೋ ಮಾತಾಡಿದ್ರು. ಹಾಗಾಗಿ ಸ್ಟುಡಿಯೋದಲ್ಲಿ "ಆರ್ಗಾನಿಕ್, ವೀಗನ್ ಇಂಕು, ಏನೂ ಆಗಲ್ಲ" ಅಂದ್ರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. ಕಾರ್ಬನ್ ಇರೋದ್ರಿಂದ ಅಝೋ ಪಿಗ್ಮೆಂಟೂ ಕೆಮಿಸ್ಟ್ರಿ ಪ್ರಕಾರ ಆರ್ಗಾನಿಕ್ಕೇ.

ಟೆಸ್ಟ್ ಮಾಡಿಸ್ಕೊಂಡು ಹಾಕಿಸ್ಕೊಳ್ಳೋಣ ಅಂದ್ರೆ ಅದೂ ನಂಬೋ ಹಾಗಿಲ್ಲ. ಒಂದು ಚುಕ್ಕೆ ಹಾಕಿ ಒಂದು ವಾರ ನೋಡಿದ್ರೆ, ತಿಂಗಳುಗಳಾದ್ಮೇಲೆ ಬರೋ ಅಲರ್ಜಿ ಹೇಗೆ ಗೊತ್ತಾಗುತ್ತೆ? ಆಸ್ಪತ್ರೆಯ ಪ್ಯಾಚ್ ಟೆಸ್ಟಲ್ಲೂ (ಚರ್ಮಕ್ಕೆ ಪದಾರ್ಥ ಅಂಟಿಸಿ ಅಲರ್ಜಿ ಬರುತ್ತಾ ನೋಡೋದು) ಇಂಕ್ ಅಲರ್ಜಿ ಇರೋರಿಗೇ ಎಷ್ಟೋ ಸಲ ನೆಗೆಟಿವ್ ಬರುತ್ತೆ. ಹಚ್ಚೋ ಟ್ಯೂಬಿಗೆ, ಅಂಟಿಗೆ, ನಿಕ್ಕಲ್‌ಗೆ ಅಲರ್ಜಿ ಇದ್ಯಾ ಅಂತ ತಿಳ್ಕೊಳ್ಳೋಕೆ ಮಾತ್ರ ಪ್ಯಾಚ್ ಟೆಸ್ಟ್ ಒಳ್ಳೇದು.

ಕಪ್ಪು ಮೆಹಂದಿ ಟ್ಯಾಟೂಗೂ ಇದಕ್ಕೂ ಸಂಬಂಧ ಇಲ್ಲ, ಅಲ್ಲಿ ಕಳ್ಳ ಬೇರೆ, ಹೇರ್ ಡೈಯಲ್ಲಿರೋ ಪಿಪಿಡಿ ಅನ್ನೋ ಕೆಮಿಕಲ್. ನೀರುಗುಳ್ಳೆ ಬಂದಿದ್ರೆ ಅದಕ್ಕೆ ಡಾಕ್ಟರ್ ಕೊಡೋ ಸ್ಟೀರಾಯ್ಡ್ ಬೇಗ ಕೆಲಸ ಮಾಡುತ್ತೆ, ಆದ್ರೆ ಮುಂದೆ ತಲೆಗೆ ಡೈ ಹಚ್ಚೋ ಆಸೆ ಬಿಟ್ಟುಬಿಡಿ.

ಯಾರ ಹತ್ರ ಹೋಗೋದು

ಟ್ಯಾಟೂ ಆರ್ಟಿಸ್ಟ್ ಹತ್ರ ಕೇಳೋದು ತಪ್ಪಲ್ಲ, ಸಿಪ್ಪೆ ಏಳೋದು, ಫಿಲ್ಮ್ ವಿಷ್ಯ ಎಲ್ಲಾ ಅವರಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿರುತ್ತೆ, ಯಾವ ಬ್ರಾಂಡಿನ ಇಂಕು, ಬ್ಯಾಚ್ ನಂಬರ್ ಏನು ಅಂತ ಅವರಿಂದಲೇ ಕೇಳಿ ಬರೆದಿಟ್ಕೊಳ್ಳಿ. ಆದ್ರೆ ಕೀವು ಜ್ವರಕ್ಕೆ ಅವರು ಔಷಧಿ ಹೇಳಿದ್ರೆ ಕೇಳ್ಬೇಡಿ. ಜ್ವರ, ಕೀವಿಗೆ ಬೀದಿ ಕೊನೆಯ ಜನರಲ್ ಡಾಕ್ಟರ್ ಸಾಕು. ಮೂರು ವಾರ ದಾಟಿದ್ದು, ಒಂದೇ ಬಣ್ಣದ ಮೇಲಿನದ್ದು, ಗಟ್ಟಿ ಗಂಟು, ಬಂದು ಹೋಗಿ ಬಂದು ಹೋಗಿ ಮಾಡೋದು, ಇವೆಲ್ಲಾ ಚರ್ಮರೋಗ ತಜ್ಞರ ಕೆಲಸ. ಬೆಂಗಳೂರಲ್ಲಿ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮದ ಓಪಿಡಿ ಇದೆ, ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ನೋಡಿ, ಕ್ಯೂ ಉದ್ದ ಇರುತ್ತೆ, ಖರ್ಚು ಕಮ್ಮಿ, ಬಯಾಪ್ಸಿ ಅಲ್ಲೇ ಆಗುತ್ತೆ. ಹೆಸರಲ್ಲಿ "ಸ್ಕಿನ್" ಅಂತ ಇರೋ ಬ್ಯೂಟಿ ಕ್ಲಿನಿಕ್‌ಗೆ ಹೋಗೋದಾದ್ರೆ ಒಳಗೆ ಚರ್ಮರೋಗದಲ್ಲಿ ಎಂಡಿ ಅಥವಾ ಡಿಪ್ಲೊಮಾ ಮಾಡಿರೋರು ಇದಾರಾ ಕೇಳಿ.

ಡಾಕ್ಟರ್ ಮುಂದೆ ಹೇಳ್ಬೇಕಾದ್ದು: ನಿಮಗಾಗ್ಲಿ ಮನೇಲಿ ಯಾರಿಗಾದ್ರೂ ಆಗ್ಲಿ ಸೋರಿಯಾಸಿಸ್ (ಹೊಟ್ಟು ಏಳೋ ಚರ್ಮದ ಕಾಯಿಲೆ) ಇದ್ರೆ ಹೇಳಿ, ಸೂಜಿ ಚುಚ್ಚಿದ ಗೆರೆ ಉದ್ದಕ್ಕೂ ಅದು ಏಳಬಹುದು. ಗಾಯ ಆದಾಗೆಲ್ಲಾ ದಪ್ಪ ಗಂಟು ಬೆಳೆಯೋ ಕೀಲಾಯ್ಡ್ ಮೈಯಾಗಿದ್ರೆ ಹೇಳಿ, ಎದೆ ಭುಜದ ಟ್ಯಾಟೂಗಳಲ್ಲಿ ಅದು ಜಾಸ್ತಿ. ಮುಖ್ಯವಾಗಿ ಏನೇನು ಹಚ್ಚಿದೀರೋ ಆ ಟ್ಯೂಬುಗಳನ್ನೆಲ್ಲಾ ಕವರಲ್ಲಿ ಹಾಕ್ಕೊಂಡು ಹೋಗಿ, "ಬಿಳೀ ಕ್ರೀಮು, ಹಸಿರು ಡಬ್ಬ" ಅಂದ್ರೆ ಅವರಿಗೇನೂ ಗೊತ್ತಾಗಲ್ಲ.

ಜಾತ್ರೆಯಲ್ಲಿ, ಬೀದಿಬದಿಯಲ್ಲಿ ಮಷಿನ್ ಹಚ್ಚೆ ಹಾಕಿಸ್ಕೊಂಡು, ಸೂಜಿ ಹೊಸದಾ ಅಂತ ನೋಡಿರದೆ ಇದ್ರೆ ಚರ್ಮ ಚೆನ್ನಾಗಿದ್ರೂ ಹೆಪಟೈಟಿಸ್ ಬಿ, ಸಿ ಮತ್ತೆ ಎಚ್‌ಐವಿ ಟೆಸ್ಟ್ ಬಗ್ಗೆ ಡಾಕ್ಟರನ್ನ ಕೇಳಿ. ಟ್ಯಾಟೂ ಆದ್ಮೇಲೆ 12 ತಿಂಗಳು ರಕ್ತದಾನ ಮಾಡೋ ಹಾಗಿಲ್ಲ ಅನ್ನೋದು ಕೂಡ ಇದಕ್ಕೇ.

ತೆಗೆಸಿಬಿಡೋದಾ

ಬೇಜಾರಾಗಿ "ಲೇಸರ್ ಹೊಡೆಸ್ಬಿಡ್ತೀನಿ" ಅನ್ನೋರಿಗೆ: ಬರೀ ಡಿಸೈನ್ ಇಷ್ಟ ಇಲ್ಲ ಅಂದ್ರೆ ಲೇಸರ್ ಸರಿ, ಕಪ್ಪು ಇಂಕು ಚೆನ್ನಾಗಿ ಹೋಗುತ್ತೆ, ಹಲವು ಸಿಟ್ಟಿಂಗ್ ಬೇಕು, ನಡುವೆ ಆರೆಂಟು ವಾರ ಗ್ಯಾಪು, ನಮ್ಮ ಬಣ್ಣದ ಚರ್ಮಕ್ಕೆ 1064 ನ್ಯಾನೊಮೀಟರ್ ಲೇಸರ್ ಬೇರೆಯವಕ್ಕಿಂತ ಸೇಫು, ಆದ್ರೂ ಬಿಳಿ ಕಲೆ ಉಳಿಯೋ ಚಾನ್ಸ್ ಇದೆ. ಆದ್ರೆ ಇಂಕ್ ಅಲರ್ಜಿ ಇರೋ ಟ್ಯಾಟೂಗೆ ಈ ಲೇಸರ್ ಬೇರೆನೇ ಲೆಕ್ಕ. ಲೇಸರ್ ಮಾಡೋದು ಇಂಕನ್ನ ಸಣ್ಣ ಸಣ್ಣ ಚೂರು ಮಾಡೋದು, ಆ ಚೂರುಗಳು ಮೈಯೆಲ್ಲಾ ಹರಡಿ ಅಲರ್ಜಿನೂ ಮೈಯೆಲ್ಲಾ ಆಗಬಹುದು. ಅಂಥವರಿಗೆ ಡಾಕ್ಟರುಗಳು ಕಾರ್ಬನ್ ಡೈಆಕ್ಸೈಡ್ ಲೇಸರಿಂದ ಪದರ ಪದರವಾಗಿ ಸುಟ್ಟು ತೆಗೆಯೋದು, ಇಲ್ಲ ಆ ಭಾಗನೇ ಕತ್ತರಿಸಿ ಹೊಲಿಯೋದು, ಈ ದಾರಿ ಹಿಡೀತಾರೆ. ಸಣ್ಣ ಟ್ಯಾಟೂ ಆದ್ರೆ ಕತ್ತರಿಸೋದೇ ಸುಲಭ, ಒಂದು ಗೆರೆ ಕಲೆ ಉಳಿಯುತ್ತೆ. ಆ ಗುಲಾಬಿಯವಳು ಕ್ರೀಮು ಇಂಜೆಕ್ಷನ್ನಲ್ಲೇ ನಡೆಸ್ತಿದಾಳೆ, ದಳ ಪೂರ್ತಿ ಇಳಿದಿಲ್ಲ, ನವೆ ಮಾತ್ರ ಹಿಡಿತದಲ್ಲಿದೆ.

ಇನ್ನೊಂದು ಟ್ಯಾಟೂ ಹಾಕಿಸ್ಕೊಬಹುದಾ ಅಂತ ಅವಳೂ ಕೇಳಿದ್ಲು. ಫಿಲ್ಮಿಗೋ ಟ್ಯೂಬಿಗೋ ಅಲರ್ಜಿ ಆಗಿದ್ರೆ ಅದನ್ನ ಬಿಟ್ಟು ಧಾರಾಳವಾಗಿ ಹಾಕಿಸ್ಕೊಳ್ಳಿ. ಕೆಂಪಿಗೆ ಆಗಿದ್ರೆ ಕೆಂಪು ಮಾತ್ರ ಅಲ್ಲ, ಪಿಂಕು, ಆರೆಂಜು, ನೇರಳೆನೂ ಬೇಡ, ಅದೇ ಪಿಗ್ಮೆಂಟ್ ಅದರಲ್ಲೂ ಬೆರೆತಿರುತ್ತೆ. ಬರೀ ಕಪ್ಪಲ್ಲಿ ಮಾಡಿಸ್ಕೊಳ್ಳೋರಿಗೆ ಸಾಮಾನ್ಯವಾಗಿ ತೊಂದರೆ ಆಗಲ್ಲ, ಆದ್ರೆ ಮೊದಲಿನ ಟ್ಯಾಟೂ ತಣ್ಣಗಾಗೋವರೆಗೂ ಕಾಯಿರಿ, ಮತ್ತೆ ಡಾಕ್ಟರ್ ಹೂಂ ಅಂದ್ಮೇಲೇ ಅಡ್ವಾನ್ಸ್ ಕೊಡಿ, ಸ್ಟುಡಿಯೋದವರು ವಾಪಸ್ ಕೊಡಲ್ಲ.